ಎಕ್ಕಿ ಗಿಡದ ಬುಡದಲ್ಲಿ ಮ್ಯಾಕ್ರೊ ಪಾಠ

ಅಥಣಿ ಕಡೆಯ ಹೊಲದ ಬದುವಿನಲ್ಲಿ ಯಾರಾದರೂ ಮೊಣಕಾಲೂರಿ ಎಕ್ಕಿ ಗಿಡಕ್ಕೆ ಕ್ಯಾಮೆರಾ ಹಿಡಿದರೆ, ಹಾದುಹೋಗುವವರು ‘ಏನ್ರೀ, ಏನಾರ ಕಳಕೊಂಡೀರೇನು?’ ಎಂದು ಕೇಳದೆ ಮುಂದೆ ಹೋಗುವುದಿಲ್ಲ. ಕ್ಯಾಮೆರಾ ಅಂದರೆ ಇಲ್ಲಿ ಮದುವೆ, ಕುಬಸ, ಜಾತ್ರೆ. ಹುಳದ ಫೋಟೊ ಯಾರಿಗೆ ಬೇಕು?

ನನಗೆ ಬೇಕಾಗಿದ್ದು ಎಕ್ಕಿ ಮಿಡತೆ. ದನ ಮೂಸದ ಈ ಹಾಲುಗಿಡವನ್ನೇ ಮುಖ್ಯವಾಗಿ ತಿಂದು ಬದುಕುವ ಜೀವಿ. ಹಳದಿ, ನೀಲಿಹಸಿರು ಪಟ್ಟೆಗಳ ಮೈ, ಕಪ್ಪು ಮೀಸೆಗೆ ಹಳದಿ ಬಳೆ. ಇಷ್ಟು ಬಣ್ಣ ತೊಟ್ಟೂ ಅಡಗಿಕೊಳ್ಳುವ ಗೊಡವೆಯಿಲ್ಲ, ಏಕೆಂದರೆ ಮೈಯೊಳಗೆ ಎಕ್ಕಿಯ ವಿಷವಿದೆ. ಮರಿ ಮಿಡತೆಯನ್ನು ಕೆಣಕಿದರೆ ಬೆನ್ನಿನ ಗ್ರಂಥಿಯಿಂದ ಪಿಚಕಾರಿಯಂತೆ ದ್ರವ ಹಾರಿಸುತ್ತದೆ, ಅದೂ ಮುಟ್ಟಿದವರ ಕಡೆಗೇ. ಲೆನ್ಸ್ ಒರೆಸಿಕೊಳ್ಳಲು ಬಟ್ಟೆ ಜೇಬಿನಲ್ಲಿರಲಿ. ಅದೇ ಗಿಡದಲ್ಲಿ ಪ್ಲೇನ್ ಟೈಗರ್ ಚಿಟ್ಟೆಯ ಪಟ್ಟೆಪಟ್ಟೆ ಮರಿಹುಳುವೂ ಸಿಗುತ್ತದೆ.

ದುಬಾರಿ ಮ್ಯಾಕ್ರೊ ಲೆನ್ಸ್ ಇಲ್ಲದಿದ್ದರೂ ನಡೆಯುತ್ತದೆ. ಹಳೆಯ 50 ಎಂ.ಎಂ. ಲೆನ್ಸನ್ನು ರಿವರ್ಸ್ ರಿಂಗ್ ಹಾಕಿ ಹಿಂದುಮುಂದಾಗಿ ಜೋಡಿಸಿದರೆ ಹುಳ ಸೆನ್ಸರ್ ಮೇಲೆ ಹೆಚ್ಚುಕಡಿಮೆ ತನ್ನ ನಿಜ ಗಾತ್ರದಲ್ಲೇ ಮೂಡುತ್ತದೆ. ಅಷ್ಟು ಹತ್ತಿರದಲ್ಲಿ ಅಪರ್ಚರ್ ಎಫ್-11 ಇಟ್ಟರೂ ಸ್ಪಷ್ಟವಾಗಿ ಬರುವ ಆಳ ಒಂದು ಮಿಲಿಮೀಟರ್ ಆಸುಪಾಸು. ಹಾಗಾಗಿ ಫೋಕಸ್ ರಿಂಗ್ ತಿರುವುತ್ತ ಕೂರುವುದು ವ್ಯರ್ಥ. ಉಸಿರು ಬಿಗಿಹಿಡಿದು ಮೈಯನ್ನೇ ತುಸು ಹಿಂದೆಮುಂದೆ ತೂಗಬೇಕು, ಹುಳದ ಕಣ್ಣು ನಿಚ್ಚಳವಾದ ಕ್ಷಣವೇ ಕ್ಲಿಕ್. ಫ್ಲಾಶ್‌ಗೆ ಟ್ರೇಸಿಂಗ್ ಪೇಪರ್ ಸುತ್ತಿದರೆ ಬೆಳಕು ಮೆತ್ತಗಾಗುತ್ತದೆ. ಬೆಳಗಿನ ಇಬ್ಬನಿಯ ಹೊತ್ತು ಬಲು ಅನುಕೂಲ, ತಂಪಿಗೆ ಹುಳಗಳು ಮಂದವಾಗಿರುತ್ತವೆ. ಕೆಲವರು ಹುಳವನ್ನು ಫ್ರಿಜ್‌ನಲ್ಲಿಟ್ಟು ಫೋಟೊ ತೆಗೆಯುತ್ತಾರೆ. ಅದು ಕಸುಬಲ್ಲ, ಕಳ್ಳಾಟ.

ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ಟಿ.ಎನ್.ಎ. ಪೆರುಮಾಳ್ (1932–2017) ಅವರಂಥ ಹಿರಿಯರ ಪರಂಪರೆಯಿದೆ. ಆದರೆ ಅದು ಬೆಂಗಳೂರಿನ ಕಥೆ. ನಿಪ್ಪಾಣಿ, ಚಿಕ್ಕೋಡಿಯ ಹುಡುಗರಿಗೆ ಹುಳದ ಫೋಟೊ ತೆಗೆಯಲು ಬೇರೆಯದೇ ಕಾರಣವಿದೆ. 2002ರಲ್ಲಿ ಸಾಂಗ್ಲಿ ಕಡೆಯಿಂದ ಬಿಳಿ ಉಣ್ಣೆ ಹೇನು ಗಡಿ ದಾಟಿ ಬಂದು ಈ ಭಾಗದ ಕಬ್ಬಿಗೆ ಮುತ್ತಿತು. ಅದನ್ನು ಮುಕ್ಕುವ ಡೈಫಾ ಮರಿಹುಳು, ಮೈಕ್ರೋಮಸ್ ಕೀಟಗಳನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯ ರೈತರಿಗೆ ಪರಿಚಯಿಸಿತು. ಹೇನು ಯಾವುದು, ಹೇನು ತಿನ್ನುವ ಹುಳ ಯಾವುದು ಎಂದು ಬರಿಗಣ್ಣಿಗೆ ಗೊತ್ತಾಗುವುದು ಕಷ್ಟ. ಗೊತ್ತಾಗದೆ ಔಷಧ ಹೊಡೆದರೆ ಎರಡೂ ಸಾಯುತ್ತವೆ. ಇಂಥಲ್ಲಿ ಒಂದು ಒಳ್ಳೆಯ ಚಿತ್ರ ಕರಪತ್ರದ ನಾಲ್ಕು ಪುಟಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಈಗ ಬದುಗಳಿಗೂ ಕಳೆನಾಶಕ ಬಿದ್ದು ಎಕ್ಕಿ ಒಣಗುತ್ತಿದೆ. ಹೊಲದ ಮೂಲೆಯಲ್ಲಿ ಒಂದೆರಡು ಗಿಡವನ್ನಾದರೂ ಉಳಿಸಿ. ಶಾಲೆಯ ಮೇಷ್ಟ್ರುಗಳೇ, ಮೊಬೈಲಿಗೆ ಸಿಕ್ಕಿಸುವ ಪುಟ್ಟ ಮಸೂರವೊಂದನ್ನು ಮಕ್ಕಳ ಕೈಗೆ ಕೊಟ್ಟು ಅಲ್ಲಿಗೆ ಕರೆದೊಯ್ಯಿರಿ.