ರೇಡಿಯೊ ನಿಯಂತ್ರಿತ ಟ್ರಕ್ಕಿನ ಚಾಲನಾ ವ್ಯವಸ್ಥೆಯ ಹೊಂದಾಣಿಕೆ

ರೇಡಿಯೊ ನಿಯಂತ್ರಿತ ಮಾದರಿ ಟ್ರಕ್ಕಿನಲ್ಲಿ ಮೋಟಾರಿನ ತಿರುಗುಬಲವನ್ನು ಚಕ್ರಗಳಿಗೆ ಒಯ್ಯುವ ಭಾಗಗಳ ಸಮೂಹವನ್ನು ಚಾಲನಾ ವ್ಯವಸ್ಥೆ ಅಥವಾ ಡ್ರೈವ್‌ಟ್ರೇನ್ ಎಂದು ಕರೆಯಲಾಗುತ್ತದೆ. ಪಿನಿಯನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಚಾಲನಾ ದಂಡಗಳು, ಡಿಫರೆನ್ಷಿಯಲ್ ಮತ್ತು ಅಚ್ಚುಗಳು ಇದರಲ್ಲಿ ಸೇರುತ್ತವೆ. ಕಾರ್ಖಾನೆಯಿಂದ ಬಂದ ಮಾದರಿಯಲ್ಲಿ ಇವೆಲ್ಲ ಒಂದೇ ನಕ್ಷೆಗೆ ಅನುಗುಣವಾಗಿರುತ್ತವೆ. ಹಿಂಚಕ್ರ ಚಾಲನೆಯ ಟ್ರಕ್ಕನ್ನು ಹವ್ಯಾಸಿಗಳು ಸರ್ವಚಕ್ರ ಚಾಲನೆಗೆ ಪರಿವರ್ತಿಸುವಾಗ ಬೇರೆ ಬೇರೆ ತಯಾರಕರ ಭಾಗಗಳು ಒಂದೇ ಚೌಕಟ್ಟಿನಲ್ಲಿ ಕೂಡುತ್ತವೆ. ಆಗ ದಂಡ ಮುರಿಯುವುದು, ಹಲ್ಲು ಸವೆಯುವುದು, ಮೋಟಾರು ಅತಿಯಾಗಿ ಬಿಸಿಯೇರುವುದು ಸಾಮಾನ್ಯ. ಇವುಗಳ ಕಾರಣ ಅನೇಕ ವೇಳೆ ಭಾಗಗಳ ದೌರ್ಬಲ್ಯವಲ್ಲ. ಅಳತೆ ಮತ್ತು ಕೋನಗಳ ವ್ಯತ್ಯಾಸ. ಮುರಿದ ಪ್ಲಾಸ್ಟಿಕ್ ದಂಡದ ಜಾಗದಲ್ಲಿ ಉಕ್ಕಿನ ದಂಡವನ್ನು ಅಳವಡಿಸಿದ ಮಾತ್ರಕ್ಕೆ ದೋಷ ಪರಿಹಾರವಾಗುವುದಿಲ್ಲ. ಅದು ಮುಂದಿನ ದುರ್ಬಲ ಭಾಗಕ್ಕೆ ಸಾಗುತ್ತದೆ, ಮತ್ತು ಆ ಭಾಗ ಬಹುಮಟ್ಟಿಗೆ ದುಬಾರಿಯಾದ ಗೇರ್‌ಬಾಕ್ಸೇ ಆಗಿರುತ್ತದೆ.

ಹಿನ್ನೆಲೆ

ಜಪಾನಿನ ಶಿಜುಒಕಾ ನಗರದ ಟಮಿಯಾ ಸಂಸ್ಥೆಯ 1/14 ಪ್ರಮಾಣದ ಟ್ರಕ್ಕುಗಳು ಇಂಥ ಪರಿವರ್ತನೆಗೆ ಹೆಚ್ಚಾಗಿ ಬಳಕೆಯಾಗುತ್ತವೆ. ನಿಜವಾದ ಲಾರಿಯಂತೆಯೇ ಇವುಗಳಿಗೆ ಏಣಿಯಾಕಾರದ ಚೌಕಟ್ಟು ಮತ್ತು ಲೀಫ್ ಸ್ಪ್ರಿಂಗುಗಳಿವೆ. 540 ವರ್ಗದ ಮೋಟಾರು, ಸರ್ವೋ ಮೂಲಕ ಬದಲಿಸಬಹುದಾದ ಮೂರು ಗೇರುಗಳ ಗೇರ್‌ಬಾಕ್ಸ್ ಇವುಗಳ ವೈಶಿಷ್ಟ್ಯ. ಮೊದಲ ಗೇರಿನಲ್ಲಿ ಒಟ್ಟು ಅನುಪಾತ ಸುಮಾರು 32:1 ಇರುವುದರಿಂದ ಚಿಕ್ಕ ಮೋಟಾರೂ ಅಚ್ಚಿನ ಮೇಲೆ ಗಣನೀಯ ಬಲ ಹಾಕುತ್ತದೆ. ಹೆದ್ದಾರಿ ಟ್ರಾಕ್ಟರ್ ಮಾದರಿಗಳಲ್ಲಿ ಮುಂದಿನ ಚಕ್ರಗಳು ದಿಕ್ಕು ಬದಲಿಸುವುದಕ್ಕೆ ಮಾತ್ರ. ಅವುಗಳಿಗೆ ಚಾಲನೆ ಇರುವುದಿಲ್ಲ. ಇದೇ ಸಂಸ್ಥೆ 1987ರಲ್ಲಿ ತಂದ ಕ್ಲಾಡ್ ಬಸ್ಟರ್ ಮಾದರಿಯಲ್ಲಿ ಎರಡೂ ಅಚ್ಚುಗಳ ಮೇಲೆ ಒಂದೊಂದು ಮೋಟಾರನ್ನು ಕೂರಿಸಲಾಗಿತ್ತು. ಹೀಗಾಗಿ ಅದರಲ್ಲಿ ಚಾಲನಾ ದಂಡದ ಪ್ರಶ್ನೆಯೇ ಇರಲಿಲ್ಲ. ಏಣಿ ಚೌಕಟ್ಟಿನ ಟ್ರಕ್ಕಿಗೆ ಆ ಸುಲಭೋಪಾಯ ಹೊಂದುವುದಿಲ್ಲ.

ತಿರುಗುವ ದಿಕ್ಕು ಮತ್ತು ಅನುಪಾತ

ಪರಿವರ್ತನೆಯ ನಂತರ ಮುಂದಿನ ಮತ್ತು ಹಿಂದಿನ ಚಕ್ರಗಳು ಪರಸ್ಪರ ವಿರುದ್ಧವಾಗಿ ತಿರುಗುವುದು ಹೊಸಬರನ್ನು ಗಾಬರಿಗೊಳಿಸುವ ದೋಷ. ಹಿಂದಿನ ಅಚ್ಚನ್ನು ಮುಂದಕ್ಕೆ ತಿರುಗಿಸಿ ಹಾಕಿದ್ದೇ ಇದಕ್ಕೆ ಕಾರಣ ಎಂಬ ನಂಬಿಕೆ ವ್ಯಾಪಕವಾಗಿದ್ದರೂ ಅದು ಸರಿಯಲ್ಲ. ಅಚ್ಚನ್ನು ನೆಲಕ್ಕೆ ಸಮಾನಾಂತರವಾಗಿ ಅರ್ಧ ಸುತ್ತು ತಿರುಗಿಸಿದಾಗ ಪಿನಿಯನ್ನಿನ ದಿಕ್ಕೂ ಚಕ್ರದ ದಿಕ್ಕೂ ಒಟ್ಟಿಗೆ ಬದಲಾಗುವುದರಿಂದ ಅಂತಿಮ ಪರಿಣಾಮ ಮೊದಲಿನಂತೆಯೇ ಉಳಿಯುತ್ತದೆ. ಅಚ್ಚನ್ನು ತಲೆಕೆಳಗಾಗಿ ಮಗುಚಿದರೆ, ಇಲ್ಲವೇ ಡಿಫರೆನ್ಷಿಯಲಿನ ದೊಡ್ಡ ಹಲ್ಲುಚಕ್ರವನ್ನು ಪಿನಿಯನ್ನಿನ ಮತ್ತೊಂದು ಬದಿಗೆ ಕೂರಿಸಿದರೆ ಮಾತ್ರ ದಿಕ್ಕು ವ್ಯತಿರಿಕ್ತವಾಗುತ್ತದೆ. ಟ್ರಾನ್ಸ್‌ಫರ್ ಕೇಸಿನಲ್ಲಿ ಒಂದಕ್ಕೊಂದು ನೇರವಾಗಿ ಕಚ್ಚಿದ ಎರಡು ಗೇರುಗಳಿಂದ ಮುಂದಿನ ಮತ್ತು ಹಿಂದಿನ ದಂಡಗಳನ್ನು ಹೊರತೆಗೆದಾಗಲೂ ಹೀಗಾಗುತ್ತದೆ. ನಡುವೆ ಒಂದು ಐಡ್ಲರ್ ಗೇರು ಸೇರಿಸುವುದು ಅಥವಾ ಡಿಫರೆನ್ಷಿಯಲನ್ನು ಬದಿ ಬದಲಿಸಿ ಜೋಡಿಸುವುದು ಇದಕ್ಕೆ ಪರಿಹಾರ.

ಅನುಪಾತದ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಹಾನಿ ಮಾಡುವುದರಲ್ಲಿ ಮಾತ್ರ ಹಿಂದೆ ಬೀಳುವುದಿಲ್ಲ. 85 ಮಿ.ಮೀ. ವ್ಯಾಸದ ಟೈರು ಒಂದು ಸುತ್ತಿಗೆ ಸುಮಾರು 267 ಮಿ.ಮೀ. ಕ್ರಮಿಸುತ್ತದೆ. ಮುಂದಿನ ಅಚ್ಚಿನ ಅನುಪಾತ ಹಿಂದಿನದಕ್ಕಿಂತ ನೂರಕ್ಕೆ 3ರಷ್ಟು ಭಿನ್ನವಾಗಿದ್ದರೆ ಪ್ರತಿ ಸುತ್ತಿಗೆ 8 ಮಿ.ಮೀ. ಅಂತರ ಉಂಟಾಗುತ್ತದೆ, ಹತ್ತು ಸುತ್ತಿಗೆ ಅದು 80 ಮಿ.ಮೀ. ಮಣ್ಣಿನ ಮೇಲೆ ಟೈರು ಜಾರಿ ಈ ಅಂತರವನ್ನು ನುಂಗಿಕೊಳ್ಳುತ್ತದೆ. ಸಿಮೆಂಟಿನ ನೆಲದ ಮೇಲೆ ಜಾರಲು ಆಸ್ಪದ ಕಡಿಮೆ. ಅಂತರವೆಲ್ಲ ತಿರುಚುಬಲವಾಗಿ ದಂಡಗಳಲ್ಲಿ ಶೇಖರವಾಗುತ್ತದೆ. ಬಂಡೆ ಹತ್ತುವ ಮಾದರಿಗಳಲ್ಲಿ ಮುಂದಿನ ಚಕ್ರಗಳನ್ನು ಉದ್ದೇಶಪೂರ್ವಕವಾಗಿ ತುಸು ವೇಗವಾಗಿ ತಿರುಗಿಸುವ ರೂಢಿ ಇದೆ. ಅದನ್ನು ಭಾರ ಎಳೆಯುವ ಟ್ರಕ್ಕಿಗೆ ಅನುಕರಿಸುವುದು ಯುಕ್ತವಲ್ಲ.

ಚಾಲನಾ ದಂಡದ ಉದ್ದ

ಒಂದರೊಳಗೊಂದು ಜಾರುವ ಎರಡು ಭಾಗಗಳಿಂದ ಚಾಲನಾ ದಂಡವನ್ನು ರಚಿಸಲಾಗುತ್ತದೆ. ಸ್ಪ್ರಿಂಗು ಕುಸಿದಾಗ ಅಚ್ಚು ಗೇರ್‌ಬಾಕ್ಸಿಗೆ ಹತ್ತಿರವಾಗಬಹುದು ಅಥವಾ ದೂರ ಸರಿಯಬಹುದು; ದಂಡ ಅದಕ್ಕೆ ತಕ್ಕಂತೆ ಕಿರಿದಾಗಬೇಕು, ಹಿಗ್ಗಬೇಕು. ಟ್ರಕ್ಕನ್ನು ಮೇಜಿನ ಮೇಲೆ ನಿಲ್ಲಿಸಿ ಅಳೆದ ಉದ್ದ ಸಾಲದು. ಸ್ಪ್ರಿಂಗುಗಳ ಹಿಡಿತವನ್ನು ಬಿಡಿಸಿ ಅಚ್ಚನ್ನು ಕೈಯಿಂದ ಮೇಲಿನ ಮಿತಿಗೂ ಕೆಳಗಿನ ಮಿತಿಗೂ ಸರಿಸಿ ಎರಡೂ ಸ್ಥಿತಿಗಳಲ್ಲಿ ಅಳೆಯಬೇಕಾಗುತ್ತದೆ. ಅತಿ ಕಿರಿದಾದ ಸ್ಥಿತಿಯಲ್ಲೂ ಒಳದಂಡದ ತುದಿ ತಳಕ್ಕೆ ತಾಗಬಾರದು. ತಾಗಿದರೆ ಪ್ರತಿ ಉಬ್ಬಿನಲ್ಲೂ ದಂಡ ಗೇರ್‌ಬಾಕ್ಸಿನ ಬೇರಿಂಗನ್ನು ಸುತ್ತಿಗೆಯಂತೆ ಹೊಡೆಯುತ್ತದೆ. ದಂಡ ತೀರ ಚಿಕ್ಕದಾದರೆ ಎರಡು ಭಾಗಗಳ ಹಿಡಿತದ ಉದ್ದ ಕಡಿಮೆಯಾಗಿ ತುದಿಯಲ್ಲಿ ಬಾಗುತ್ತದೆ. ಇಳಿಜಾರಿನಲ್ಲಿ ಕಳಚಿಯೇ ಬರಬಹುದು. ಉದ್ದವಾದ ದಂಡವನ್ನು ಗರಗಸದಿಂದ ಕತ್ತರಿಸಿ ಸರಿಪಡಿಸಬಹುದು, ಗಿಡ್ಡ ದಂಡಕ್ಕೆ ಅಂಥ ಉಪಾಯವಿಲ್ಲ.

ಕೋನ ಮತ್ತು ಜಾಯಿಂಟುಗಳ ಜೋಡಣೆ

ದಂಡದ ಎರಡು ತುದಿಗಳಲ್ಲಿರುವ ಯೂನಿವರ್ಸಲ್ ಜಾಯಿಂಟುಗಳು ಕೋನದಲ್ಲಿ ತಿರುಗುವಾಗ ವೇಗವನ್ನು ಏಕರೂಪವಾಗಿ ದಾಟಿಸುವುದಿಲ್ಲ. ಪ್ರತಿ ಸುತ್ತಿನಲ್ಲಿ ಎರಡು ಬಾರಿ ಹೊರದಂಡ ವೇಗವಾಗುತ್ತದೆ, ಎರಡು ಬಾರಿ ನಿಧಾನವಾಗುತ್ತದೆ. 10 ಡಿಗ್ರಿ ಕೋನದಲ್ಲಿ ಈ ಏರಿಳಿತ ನೂರಕ್ಕೆ 1.5ರಷ್ಟು ಮಾತ್ರ. 30 ಡಿಗ್ರಿಯಲ್ಲಿ ವೇಗ 0.87ರಿಂದ 1.15 ಪಟ್ಟಿನವರೆಗೆ ಹೊಯ್ದಾಡುತ್ತದೆ. ಎರಡು ಜಾಯಿಂಟುಗಳ ಕೋನ ಸಮವಾಗಿದ್ದು, ದಂಡದ ಎರಡೂ ತುದಿಯ ಕವಲುಗಳು ಒಂದೇ ಸಮತಲದಲ್ಲಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ರದ್ದುಗೊಳಿಸುತ್ತದೆ. ಬಿಚ್ಚಿದ ದಂಡವನ್ನು ಮರುಜೋಡಿಸುವಾಗ ಕವಲುಗಳನ್ನು 90 ಡಿಗ್ರಿ ತಪ್ಪಿಸಿ ಕೂರಿಸಿದರೆ ಏರಿಳಿತಗಳು ಕೂಡಿಕೊಂಡು ಇಡೀ ಚೌಕಟ್ಟು ನಡುಗುತ್ತದೆ. ಈ ನಡುಕವನ್ನು ಬಾಗಿದ ದಂಡದ ಲಕ್ಷಣವೆಂದು ಭಾವಿಸಿ ಹೊಸ ದಂಡ ಕೊಳ್ಳುವವರೂ ಇದ್ದಾರೆ.

ಮುಂದಿನ ಅಚ್ಚಿನಲ್ಲಿ ಒಂದು ತೊಡಕಿದೆ. ಕೋನ ಕಡಿಮೆ ಮಾಡಲು ಅಚ್ಚಿನ ಕೆಳಗೆ ಬೆಣೆ ಇಟ್ಟು ಪಿನಿಯನ್ ತುದಿಯನ್ನು ಮೇಲಕ್ಕೆತ್ತಿದರೆ ಇಡೀ ಅಚ್ಚು ತಿರುಗಿ ಕಿಂಗ್‌ಪಿನ್ನಿನ ಮೇಲ್ತುದಿ ಮುಂದಕ್ಕೆ ವಾಲುತ್ತದೆ. ಕ್ಯಾಸ್ಟರ್ ಕೋನ ಕುಗ್ಗಿ ಟ್ರಕ್ಕು ನೇರವಾಗಿ ಸಾಗದೆ ಅತ್ತಿತ್ತ ಅಲೆಯತೊಡಗುತ್ತದೆ. ದಂಡಕ್ಕೆ ಹಿತವಾದದ್ದು ಸ್ಟಿಯರಿಂಗಿಗೆ ಅಹಿತ. ಆದುದರಿಂದ ಅಚ್ಚನ್ನು ತಿರುಗಿಸುವುದಕ್ಕಿಂತ ಟ್ರಾನ್ಸ್‌ಫರ್ ಕೇಸನ್ನು ಕೆಲವು ಮಿಲಿಮೀಟರ್ ಕೆಳಗಿಳಿಸುವುದು ಅಥವಾ ಹಿಂದಕ್ಕೆ ಸರಿಸಿ ಉದ್ದನೆಯ ದಂಡ ಬಳಸುವುದು ಮೇಲು. ಚಕ್ರದ ಬಳಿ ಬಳಸುವ, ಸಿವಿಡಿ ಎಂಬ ಹೆಸರಿನಿಂದ ಮಾರಾಟವಾಗುವ ಜಾಯಿಂಟುಗಳಲ್ಲಿ ಹೆಚ್ಚಿನವು ವಾಸ್ತವವಾಗಿ ಒಂಟಿ ಯೂನಿವರ್ಸಲ್ ಜಾಯಿಂಟುಗಳೇ. ಅವುಗಳ ಕೇಂದ್ರ ಕಿಂಗ್‌ಪಿನ್ನಿನ ಅಕ್ಷದ ಮೇಲೆಯೇ ಬರುವಂತೆ ಷಿಮ್ ಹಾಕದಿದ್ದರೆ ಪೂರ್ತಿ ತಿರುವಿನಲ್ಲಿ ಬಿಗಿದುಕೊಳ್ಳುತ್ತವೆ. ಸರ್ವೋ ಚಲನೆಯ ಮಿತಿಯನ್ನು ಟ್ರಾನ್ಸ್‌ಮಿಟರಿನಲ್ಲಿ ತಗ್ಗಿಸುವುದೂ ಅಗತ್ಯವಾಗಬಹುದು.

ಹಲ್ಲುಗಳ ಅಳತೆ

ಮಾದರಿ ವಾಹನಗಳ ಗೇರುಗಳಲ್ಲಿ ಮೆಟ್ರಿಕ್ ಮಾಡ್ಯೂಲ್ ಮತ್ತು ಇಂಚು ಆಧಾರಿತ ಪಿಚ್ ಎಂಬ ಎರಡು ಪದ್ಧತಿಗಳು ಏಕಕಾಲಕ್ಕೆ ಚಾಲ್ತಿಯಲ್ಲಿವೆ. 25.4ನ್ನು ಪಿಚ್ ಸಂಖ್ಯೆಯಿಂದ ಭಾಗಿಸಿದರೆ ಮಾಡ್ಯೂಲ್ ದೊರೆಯುತ್ತದೆ. 32 ಪಿಚ್ ಎಂದರೆ 0.794, ಇದು 0.8 ಮಾಡ್ಯೂಲಿಗೆ ಬಹಳ ಸಮೀಪ, ಒತ್ತಾಯಕ್ಕೆ ಒಟ್ಟಿಗೆ ಓಡಿಸಬಹುದು. 48 ಪಿಚ್ ಎಂದರೆ 0.529, ಇದನ್ನು 0.6 ಮಾಡ್ಯೂಲಿನ ಗೇರಿನೊಂದಿಗೆ ಜೋಡಿಸಿದರೆ ಹಲ್ಲುಗಳು ಬೇಗನೆ ಪುಡಿಯಾಗುತ್ತವೆ. ಎರಡು ಗೇರುಗಳ ಕೇಂದ್ರಗಳ ಅಂತರವು ಮಾಡ್ಯೂಲನ್ನು ಒಟ್ಟು ಹಲ್ಲುಗಳ ಅರ್ಧದಿಂದ ಗುಣಿಸಿದಷ್ಟು. 0.6 ಮಾಡ್ಯೂಲಿನ 20 ಮತ್ತು 70 ಹಲ್ಲಿನ ಜೋಡಿಗೆ ಅದು 27 ಮಿ.ಮೀ. ಹಲ್ಲುಗಳ ನಡುವೆ ತೆಳು ಕಾಗದದ ಚೂರನ್ನಿಟ್ಟು ಮೋಟಾರನ್ನು ಬಿಗಿದು, ಬಳಿಕ ಕಾಗದ ತೆಗೆಯುವ ಪದ್ಧತಿಯಿಂದ ಬೇಕಾದ ಸಡಿಲ ಸಿಗುತ್ತದೆ.

ಬೇರಿಂಗುಗಳಲ್ಲೂ ಇಂಥದೇ ಗೊಂದಲವಿದೆ. ಟಮಿಯಾದ 1150 ಬೇರಿಂಗಿನ ಹೊರವ್ಯಾಸ 11, ಒಳವ್ಯಾಸ 5 ಮಿ.ಮೀ. ಕೈಯಲ್ಲಿ ಹಿಡಿದಾಗ ಹೊರವ್ಯಾಸ 10 ಮಿ.ಮೀ. ಇರುವ ಬೇರಿಂಗು ಇದರಂತೆಯೇ ಕಾಣುತ್ತದೆ, ಗೂಡಿನಲ್ಲಿ ಕೂರಿಸಿದಾಗ ಅಲುಗಾಡುತ್ತದೆ. 540 ಮೋಟಾರಿನ ದಂಡ ಸಾಮಾನ್ಯವಾಗಿ 3.17 ಮಿ.ಮೀ.; 5 ಮಿ.ಮೀ. ರಂಧ್ರದ ಪಿನಿಯನ್ ದೊಡ್ಡ ಮೋಟಾರುಗಳಿಗೆ ಸೇರಿದ್ದು. 1/16 ಇಂಚಿನ ತಿರುಪಿಗೆ 1.5 ಮಿ.ಮೀ. ಅಲೆನ್ ಕೀ ಹಾಕಿದರೆ ತಲೆ ಉರುಟಾಗಿ ತಿರುಪು ಶಾಶ್ವತವಾಗಿ ಸಿಕ್ಕಿಕೊಳ್ಳುತ್ತದೆ.

ದೋಷ ಪತ್ತೆ

ಮೊದಲು ಮೋಟಾರನ್ನು ಕಳಚಿ ಚಕ್ರಗಳನ್ನು ಕೈಯಿಂದ ನಿಧಾನವಾಗಿ ತಿರುಗಿಸಲಾಗುತ್ತದೆ. ಸುತ್ತಿನ ಒಂದೇ ಜಾಗದಲ್ಲಿ ಬಿಗಿತ ಕಂಡರೆ ಬಾಗಿದ ದಂಡ ಅಥವಾ ಓರೆಯಾಗಿ ಕೂತ ಗೇರು ಕಾರಣವಾಗಿರುತ್ತದೆ. ಸುತ್ತಿನುದ್ದಕ್ಕೂ ಬಿಗಿತವಿದ್ದರೆ ಷಿಮ್ ಹೆಚ್ಚಾಗಿದೆ ಅಥವಾ ಬೇರಿಂಗು ಓರೆಯಾಗಿದೆ ಎಂದು ತಿಳಿಯಬೇಕು. ಅನಂತರ ಮುಂದಿನ ದಂಡವನ್ನು, ಆಮೇಲೆ ಹಿಂದಿನದನ್ನು ಬಿಡಿಸಿ ಪರೀಕ್ಷೆಯನ್ನು ಪುನರಾವರ್ತಿಸಿದರೆ ದೋಷದ ಜಾಗ ಕಿರಿದಾಗುತ್ತಾ ಬರುತ್ತದೆ. ಅನುಪಾತವನ್ನು ಪರೀಕ್ಷಿಸಲು ಟ್ರಕ್ಕನ್ನು ಎತ್ತಿ ನಿಲ್ಲಿಸಿ, ಮುಂದಿನ ಮತ್ತು ಹಿಂದಿನ ಟೈರುಗಳ ಮೇಲೆ ಸೀಮೆಸುಣ್ಣದ ಗುರುತು ಹಾಕಲಾಗುತ್ತದೆ. ಪ್ರತಿ ಅಚ್ಚಿನ ಎರಡೂ ಚಕ್ರಗಳು ಒಟ್ಟಿಗೆ ತಿರುಗುವಂತೆ ಹಿಡಿದು ಹತ್ತು ಸುತ್ತು ತಿರುಗಿಸಿದ ಬಳಿಕವೂ ಗುರುತುಗಳು ಒಂದೇ ಸ್ಥಾನದಲ್ಲಿದ್ದರೆ ಅನುಪಾತ ಸರಿಯಾಗಿದೆ. ಮೋಟಾರನ್ನು ಮತ್ತೆ ಜೋಡಿಸುವುದು ಇದಾದ ನಂತರವೇ.