ರಾಯಚೂರು ಕದನದ ದಿನವನ್ನು ಗೊತ್ತುಪಡಿಸಿದ ಇತಿಹಾಸಕಾರ

ಕೃಷ್ಣಾ, ತುಂಗಭದ್ರಾ ನದಿಗಳ ನಡುವಣ ನಮ್ಮ ಎಡೆದೊರೆ ನಾಡಿಗಾಗಿ ವಿಜಯನಗರದ ಅರಸರೂ ಬಹಮನಿ ಹಾಗೂ ಬಿಜಾಪುರದ ಸುಲ್ತಾನರೂ ತಲೆಮಾರುಗಳ ಕಾಲ ಹೋರಾಡಿದರು. ಜಾಲಹಳ್ಳಿ, ದೇವದುರ್ಗ, ಮಾನ್ವಿಗಳೆಲ್ಲ ಈ ನೆಲಕ್ಕೇ ಸೇರಿದವು. ಆ ಹೋರಾಟಗಳಲ್ಲಿ ಪ್ರಸಿದ್ಧವಾದ ರಾಯಚೂರು ಕದನದ ದಿನವನ್ನು ನಮಗೆ ಗೊತ್ತುಪಡಿಸಿಕೊಟ್ಟವರು ಆಂಗ್ಲ ಇತಿಹಾಸಕಾರ ರಾಬರ್ಟ್ ಸೆವೆಲ್.

1845ರಲ್ಲಿ ಜನಿಸಿದ ಸೆವೆಲ್ ಮದ್ರಾಸ್ ಪ್ರಾಂತ್ಯದ ಸಿವಿಲ್ ಸೇವೆಯ ಅಧಿಕಾರಿಗಳಾಗಿದ್ದರು. ಸರ್ಕಾರಿ ಕೆಲಸದ ಜೊತೆಗೆ 1877ರಲ್ಲಿ ಅಮರಾವತಿಯ ಬೌದ್ಧ ಸ್ತೂಪದಲ್ಲಿ ಉತ್ಖನನ ನಡೆಸಿದರು. ಪ್ರಾಂತ್ಯದ ಪ್ರಾಚೀನ ಅವಶೇಷಗಳ ಪಟ್ಟಿಯನ್ನು 1880ರ ದಶಕದಲ್ಲಿ ಪ್ರಕಟಿಸಿದರು. ಶಂಕರ ಬಾಲಕೃಷ್ಣ ದೀಕ್ಷಿತರೊಡಗೂಡಿ 1896ರಲ್ಲಿ ಹೊರತಂದ ಪಂಚಾಂಗ ಗ್ರಂಥವು ಶಾಸನಗಳ ತಿಥಿ-ವಾರಗಳನ್ನು ಕ್ರಿಸ್ತಶಕಕ್ಕೆ ಪರಿವರ್ತಿಸಲು ವಿದ್ವಾಂಸರಿಗೆ ನೆರವಾಯಿತು.

1897ರಲ್ಲಿ ಡೇವಿಡ್ ಲೋಪೆಸ್ ಎಂಬ ವಿದ್ವಾಂಸರು ಲಿಸ್ಬನ್ನಿನಲ್ಲಿ ಎರಡು ಹಳೆಯ ಪೋರ್ಚುಗೀಸ್ ವೃತ್ತಾಂತಗಳನ್ನು ಅಚ್ಚು ಹಾಕಿಸಿದರು. ಒಂದು ಕೃಷ್ಣದೇವರಾಯನನ್ನು ಕಣ್ಣಾರೆ ಕಂಡ ಡೊಮಿಂಗೊ ಪಾಯಸ್‌ನದು. ಇನ್ನೊಂದು ಕುದುರೆ ವ್ಯಾಪಾರಿ ಫರ್ನಾವೊ ನೂನಿಜ್‌ನದು. ಇವನ್ನು ಇಂಗ್ಲಿಷಿಗೆ ತಂದು ಸೆವೆಲ್ 1900ರಲ್ಲಿ ‘ಮರೆತುಹೋದ ಸಾಮ್ರಾಜ್ಯ’ ಎಂಬ ಅರ್ಥದ ಹೆಸರಿನಲ್ಲಿ ವಿಜಯನಗರದ ಚರಿತ್ರೆಯನ್ನು ಪ್ರಕಟಿಸಿದರು.

ನೂನಿಜ್ ರಾಯಚೂರು ಕದನವನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. ರಾಯನು ಕೋಟೆಯನ್ನು ಮುತ್ತಿದ್ದು, ಇಸ್ಮಾಯಿಲ್ ಆದಿಲ್ ಶಾಹನು ಕೃಷ್ಣೆಯನ್ನು ದಾಟಿ ಬಂದು ಸೋತದ್ದು, ಬಳಿಕ ಕ್ರಿಸ್ಟೊವಾವ್ ಡಿ ಫಿಗೇರೆಡೊ ಎಂಬ ಪೋರ್ಚುಗೀಸನ ಕೋವಿಗಾರರು ಗೋಡೆಯ ಮೇಲಿನ ಕಾವಲುಗಾರರನ್ನು ಹೊಡೆದುರುಳಿಸಿದ್ದು, ಎಲ್ಲವೂ ಅಲ್ಲಿವೆ. ಆದರೆ ಅವನು ಕೊಟ್ಟ ವರ್ಷ 1522. ಸೆವೆಲ್ ತಮ್ಮ ಮುಖ್ಯ ಸಾಕ್ಷಿಯ ಮಾತನ್ನೇ ಕಣ್ಣುಮುಚ್ಚಿ ಒಪ್ಪಲಿಲ್ಲ. ಚಂದ್ರನ ಗತಿಯನ್ನೂ ವಾರವನ್ನೂ ಲೆಕ್ಕಹಾಕಿ, ಪೋರ್ಚುಗೀಸರ ಇತರ ಬರಹಗಳೊಡನೆ ತಾಳೆ ನೋಡಿ, ಕದನ ನಡೆದದ್ದು 1520ರ ಮೇ 19, ಶನಿವಾರ ಎಂದು ನಿರ್ಣಯಿಸಿದರು. ಇತಿಹಾಸ ಗ್ರಂಥಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇದೇ ದಿನ.

ಇದೇ ಅಳತೆಗೋಲನ್ನು ಸೆವೆಲ್ಲರ ಮಾತಿಗೂ ನಾವು ಹಿಡಿಯಬೇಕಾಗಿದೆ. ವಿಜಯನಗರವನ್ನು ಅವರು ಮುಸಲ್ಮಾನರ ದಂಡಯಾತ್ರೆಗಳಿಗೆ ಅಡ್ಡನಿಂತ ಹಿಂದೂ ಕೋಟೆಯೆಂದು ಕಂಡರು. ಆ ನೋಟ ಬಹುಕಾಲ ಬೇರೂರಿತು. ಆದರೆ ಇಮ್ಮಡಿ ದೇವರಾಯನ ಸೈನ್ಯದಲ್ಲಿ ಮುಸಲ್ಮಾನರಿದ್ದರು. ವಿಜಯನಗರದ ಅರಸರು ‘ಹಿಂದೂರಾಯ ಸುರತ್ರಾಣ’ ಎಂಬ ಬಿರುದು ಧರಿಸಿದ್ದರು. ‘ಸುರತ್ರಾಣ’ ಎಂದರೆ ಸುಲ್ತಾನ್ ಎಂಬುದರ ಸಂಸ್ಕೃತ ರೂಪ. ಸುಲ್ತಾನರ ಕೋಟೆಯ ಮುತ್ತಿಗೆಯಲ್ಲಿ ಹಿಂದೂ ದೊರೆಗೆ ನೆರವಾದವರು ಪೋರ್ಚುಗೀಸ್ ಕ್ರೈಸ್ತರು. ಹೀಗಿರುವಾಗ ಅದನ್ನು ಬರಿಯ ಮತಗಳ ಯುದ್ಧವೆನ್ನುವುದು ಹೇಗೆ? ಫಲವತ್ತಾದ ನೆಲ, ಭದ್ರವಾದ ಕೋಟೆಗಳು, ಅರಸರ ಪ್ರತಿಷ್ಠೆ, ಇವೂ ಆ ಯುದ್ಧಗಳ ಹಿಂದಿದ್ದವು.

ಸೆವೆಲ್ 1925ರಲ್ಲಿ ತೀರಿಕೊಂಡರು. ದಕ್ಷಿಣ ಭಾರತದ ಶಾಸನಗಳನ್ನು ಕುರಿತ ಅವರ ಕೊನೆಯ ಗ್ರಂಥವನ್ನು ಎಸ್. ಕೃಷ್ಣಸ್ವಾಮಿ ಅಯ್ಯಂಗಾರ್ಯರು ಸಂಪಾದಿಸಿದರು. ಮದ್ರಾಸ್ ವಿಶ್ವವಿದ್ಯಾಲಯ ಅದನ್ನು 1932ರಲ್ಲಿ ಪ್ರಕಟಿಸಿತು.

ರಾಯಚೂರಿನ ಕೋಟೆಯನ್ನು ತೋರಿಸಿ ಮಕ್ಕಳಿಗೆ ಕಥೆ ಹೇಳುವ ತಂದೆತಾಯಿಗಳು ಗೆದ್ದವರಾರು, ಸೋತವರಾರು ಎಂಬಲ್ಲಿಗೇ ನಿಲ್ಲಿಸದಿರಲಿ. ಈ ನೆಲದ ನೆರೆಹೊರೆಯಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಕೂಡಿ ಬಾಳುತ್ತಿದ್ದಾರೆ. ಐನೂರು ವರ್ಷಗಳ ಹಿಂದಿನ ಕದನವನ್ನು ಇಂದಿನ ನೆರೆಯವನ ತಲೆಗೆ ಕಟ್ಟುವುದು ಸತ್ಯಕ್ಕೂ ದ್ರೋಹ, ಪ್ರೀತಿಗೂ ದ್ರೋಹ. ಕೇಳಿದ್ದನ್ನು ಪರೀಕ್ಷಿಸಿ ನಂಬುವ ಶ್ರಮವನ್ನು ಸೆವೆಲ್ಲರಿಂದ ನಾವು ಕಲಿಯೋಣ.