ಜೆ. ವಿಲ್ಲಾರ್ಡ್ ಮ್ಯಾರಿಯಟ್

ಜಾನ್ ವಿಲ್ಲಾರ್ಡ್ ಮ್ಯಾರಿಯಟ್ (17 ಸೆಪ್ಟೆಂಬರ್ 1900 – 13 ಆಗಸ್ಟ್ 1985) ಅಮೆರಿಕದ ಉದ್ಯಮಿ. ಇಂದು ಮ್ಯಾರಿಯಟ್ ಇಂಟರ್‌ನ್ಯಾಷನಲ್ ಎಂದು ಪ್ರಸಿದ್ಧವಾಗಿರುವ ಹೋಟೆಲ್ ಸಂಸ್ಥೆಯ ಮೂಲಪುರುಷ. ಯೂಟಾ ರಾಜ್ಯದ ಬಡ ಕೃಷಿಕ ಕುಟುಂಬದಲ್ಲಿ ಹುಟ್ಟಿದ ಇವರು 1927ರಲ್ಲಿ ವಾಷಿಂಗ್ಟನ್ ನಗರದಲ್ಲಿ ಒಂಬತ್ತು ಆಸನಗಳ ಒಂದು ಪಾನೀಯದಂಗಡಿಯಿಂದ ವ್ಯಾಪಾರ ಆರಂಭಿಸಿದರು. ಕನ್ನಡದಲ್ಲಿ 'ಹೋಟೆಲ್' ಎಂಬ ಪದವು ಊಟ-ತಿಂಡಿಯ ಅಂಗಡಿಗೂ ವಸತಿಗೃಹಕ್ಕೂ ಸಲ್ಲುತ್ತದೆ. ಮ್ಯಾರಿಯಟ್ ಅವರು ಮೊದಲ ಮೂವತ್ತು ವರ್ಷ ಮೊದಲನೆಯ ಅರ್ಥದಲ್ಲಿ ಮಾತ್ರ ಹೋಟೆಲ್ ಉದ್ಯಮಿಯಾಗಿದ್ದರು. ಅವರ ಮೊದಲ ವಸತಿಗೃಹ ಆರಂಭವಾದದ್ದು ಅವರ 56ನೆಯ ವಯಸ್ಸಿನಲ್ಲಿ. ಅದನ್ನು ಬೆಳೆಸಿದವರು ಅವರ ಹಿರಿಯ ಮಗ. ಲ್ಯಾಟರ್-ಡೇ ಸೇಂಟ್ಸ್ ಚರ್ಚಿನ, ಅಂದರೆ ಮಾರ್ಮನ್ ಪಂಥದ, ನಿಷ್ಠಾವಂತ ಅನುಯಾಯಿಯಾಗಿದ್ದ ಅವರ ಜೀವನದಲ್ಲಿ ಕುಟುಂಬ, ಧರ್ಮ ಮತ್ತು ವ್ಯಾಪಾರ ಒಂದರೊಡನೊಂದು ಹೆಣೆದುಕೊಂಡಿದ್ದವು.

ಜನನ ಮತ್ತು ಬಾಲ್ಯ

ಮ್ಯಾರಿಯಟ್ ಅವರು ಯೂಟಾದ ಓಗ್ಡೆನ್ ನಗರದ ಬಳಿಯ ಮ್ಯಾರಿಯಟ್ ಸೆಟಲ್‌ಮೆಂಟ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಹೈರಮ್ ವಿಲ್ಲಾರ್ಡ್ ಮ್ಯಾರಿಯಟ್, ತಾಯಿ ಎಲೆನ್ ಮಾರಿಸ್. ಎಂಟು ಮಕ್ಕಳಲ್ಲಿ ಇವರು ಎರಡನೆಯವರು. ಕುಟುಂಬದ ಆದಾಯ ಬೇಸಾಯ ಮತ್ತು ಕುರಿಸಾಕಣೆಯಿಂದ ಬರುತ್ತಿತ್ತು.

ತಂದೆ ಮಗನಿಗೆ ಚಿಕ್ಕಂದಿನಲ್ಲೇ ದೊಡ್ಡವರ ಹೊಣೆಗಳನ್ನು ವಹಿಸುತ್ತಿದ್ದರು. 13ನೆಯ ವಯಸ್ಸಿನಲ್ಲಿ ಬಾಲಕ ಮ್ಯಾರಿಯಟ್ ತನ್ನ ತಮ್ಮ-ತಂಗಿಯರ ನೆರವಿನಿಂದ ಪಾಳುಬಿದ್ದ ಜಮೀನಿನಲ್ಲಿ ಲೆಟ್ಯೂಸ್ ಸೊಪ್ಪು ಬೆಳೆದು, ಬಂದ 2000 ಡಾಲರ್ ಹಣವನ್ನು ತಂದೆಗೆ ಒಪ್ಪಿಸಿದನೆಂದು ತಿಳಿದುಬರುತ್ತದೆ. ಮರುವರ್ಷ ತಂದೆ 3000 ಕುರಿಗಳನ್ನು ರೈಲಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಸಾಗಿಸಿ ಮಾರಿ ಬರಲು ಅವನನ್ನೇ ಕಳುಹಿಸಿದರು. ಕೆಲಸ ಹೇಗೆ ಮಾಡಬೇಕೆಂದು ತಂದೆ ವಿವರಿಸುತ್ತಿರಲಿಲ್ಲ. ದಾರಿಯನ್ನು ಮಗನೇ ಹುಡುಕಿಕೊಳ್ಳಬೇಕಿತ್ತು.

ಧರ್ಮಪ್ರಚಾರ ಮತ್ತು ವಿದ್ಯಾಭ್ಯಾಸ

ಮಾರ್ಮನ್ ಸಂಪ್ರದಾಯದಂತೆ ಯುವಕರು ಸ್ವಂತ ಖರ್ಚಿನಲ್ಲಿ ಸುಮಾರು ಎರಡು ವರ್ಷ ಧರ್ಮಪ್ರಚಾರದಲ್ಲಿ ತೊಡಗುವುದುಂಟು. ಮ್ಯಾರಿಯಟ್ 19ನೆಯ ವಯಸ್ಸಿನಲ್ಲಿ ಇದಕ್ಕಾಗಿ ಅಮೆರಿಕದ ಈಶಾನ್ಯ ಭಾಗದ ನ್ಯೂ ಇಂಗ್ಲೆಂಡ್ ಪ್ರದೇಶಕ್ಕೆ ತೆರಳಿದರು. 1921ರಲ್ಲಿ ಮನೆಗೆ ಮರಳುವಾಗ ಬೇಸಿಗೆಯ ದಿನಗಳಲ್ಲಿ ವಾಷಿಂಗ್ಟನ್ ನಗರವನ್ನು ಹಾದುಬಂದರು. ಅಲ್ಲಿನ ಸೆಕೆಯಲ್ಲಿ ಬೀದಿಬದಿಯ ವ್ಯಾಪಾರಿಗಳು ಮಾರುತ್ತಿದ್ದ ತಂಪು ಪಾನೀಯಗಳಿಗೆ ಜನರು ಮುಗಿಬೀಳುತ್ತಿದ್ದ ದೃಶ್ಯ ಅವರ ಮನಸ್ಸಿನಲ್ಲಿ ಉಳಿಯಿತು.

ಊರಿಗೆ ಮರಳಿದಾಗ ಕುರಿ ವ್ಯಾಪಾರದ ಬೆಲೆಗಳು ಕುಸಿದು ತಂದೆ ಸಾಲದಲ್ಲಿ ಮುಳುಗಿದ್ದರು. ಈ ಅನುಭವ ಮ್ಯಾರಿಯಟ್ ಅವರಲ್ಲಿ ಸಾಲದ ಬಗ್ಗೆ ಜೀವನಪೂರ್ತಿ ಉಳಿದ ಭಯವನ್ನು ಹುಟ್ಟಿಸಿತು. ಮನೆಯಿಂದ ಹಣ ಬರುವ ಸ್ಥಿತಿ ಇರಲಿಲ್ಲವಾದ್ದರಿಂದ ಓದಿನ ವೆಚ್ಚವನ್ನು ಸ್ವತಃ ದುಡಿದು ಭರಿಸಿದರು. ಬೇಸಿಗೆ ರಜೆಗಳಲ್ಲಿ ಕಾಡುಗಳಿಗೆ ಹೋಗಿ ಮರ ಕಡಿಯುವ ಕಾರ್ಮಿಕರಿಗೆ ಉಣ್ಣೆಯ ಒಳಉಡುಪುಗಳನ್ನು ಮಾರಿದರು. ಓಗ್ಡೆನ್‌ನ ವೀಬರ್ ಕಾಲೇಜಿನಲ್ಲಿ ಓದಿ, 1926ರಲ್ಲಿ ಯೂಟಾ ವಿಶ್ವವಿದ್ಯಾಲಯದಿಂದ ಪದವಿ ಪಡೆದರು.

ವಿವಾಹ ಮತ್ತು ಮೊದಲ ಅಂಗಡಿ

1927ರಲ್ಲಿ ಮ್ಯಾರಿಯಟ್ ಅವರು ಎ ಅಂಡ್ ಡಬ್ಲ್ಯೂ ಕಂಪನಿಯಿಂದ ವಾಷಿಂಗ್ಟನ್ ನಗರದಲ್ಲಿ ರೂಟ್ ಬಿಯರ್ ಮಾರುವ ಹಕ್ಕನ್ನು ಪಡೆದರು. ರೂಟ್ ಬಿಯರ್ ಎಂಬುದು ಬೇರು-ತೊಗಟೆಗಳ ಪರಿಮಳವುಳ್ಳ ಸಿಹಿ ಪಾನೀಯ. ಹೆಸರಿನಲ್ಲಿ 'ಬಿಯರ್' ಎಂದಿದ್ದರೂ ಇದರಲ್ಲಿ ಮದ್ಯವಿಲ್ಲ. ಮದ್ಯಪಾನವನ್ನು ನಿಷೇಧಿಸುವ ಪಂಥಕ್ಕೆ ಸೇರಿದವರಿಗೆ ಇದು ಒಗ್ಗುವ ವ್ಯಾಪಾರವಾಗಿತ್ತು. ಆ ಕಾಲದಲ್ಲಿ ಅಮೆರಿಕದಾದ್ಯಂತ ಪಾನನಿರೋಧ ಕಾನೂನೂ ಜಾರಿಯಲ್ಲಿತ್ತು. ಉಳಿತಾಯದ ಹಣಕ್ಕೆ ಸಾಲವನ್ನೂ ಸೇರಿಸಿ, ಹ್ಯೂ ಕೋಲ್ಟನ್ ಎಂಬ ಪಾಲುದಾರರೊಂದಿಗೆ 20 ಮೇ 1927ರಂದು 14ನೆಯ ಬೀದಿಯಲ್ಲಿ ಅಂಗಡಿ ತೆರೆದರು. ಚಾರ್ಲ್ಸ್ ಲಿಂಡ್‌ಬರ್ಗ್ ಒಬ್ಬಂಟಿಯಾಗಿ ಅಟ್ಲಾಂಟಿಕ್ ಸಾಗರ ದಾಟಲು ವಿಮಾನವೇರಿದ್ದು ಅದೇ ದಿನ.

ಮರುತಿಂಗಳು ಯೂಟಾಗೆ ಹೋಗಿ, 9 ಜೂನ್ 1927ರಂದು ಸಾಲ್ಟ್ ಲೇಕ್ ನಗರದ ಮಾರ್ಮನ್ ದೇವಾಲಯದಲ್ಲಿ ಆಲಿಸ್ ಶೀಟ್ಸ್ ಅವರನ್ನು ವಿವಾಹವಾದರು. ಆಗ ಆಲಿಸ್ ಅವರಿಗೆ 19 ವರ್ಷ. ನವದಂಪತಿಗಳು ಮಾಡೆಲ್ ಟಿ ಫೋರ್ಡ್ ಕಾರಿನಲ್ಲಿ 11 ದಿನ ಪ್ರಯಾಣಿಸಿ ವಾಷಿಂಗ್ಟನ್ ತಲುಪಿದರು. ಆಲಿಸ್ ಅಂಗಡಿಯ ಲೆಕ್ಕಪತ್ರದ ಹೊಣೆ ಹೊತ್ತರು. ಒಂದು ಲೋಟ ರೂಟ್ ಬಿಯರಿನ ಬೆಲೆ ಐದು ಸೆಂಟ್. ದಿನದ ಕೊನೆಗೆ ಪಾನಕದ ಅಂಟು ಹತ್ತಿದ ನಾಣ್ಯಗಳನ್ನು ಎಣಿಸುವುದು ಆಲಿಸ್ ಅವರ ಕೆಲಸವಾಗಿತ್ತು.

ಹಾಟ್ ಶಾಪ್ಸ್

ಚಳಿಗಾಲ ಬರುತ್ತಿದ್ದಂತೆ ತಂಪು ಪಾನೀಯದ ಬೇಡಿಕೆ ಇಳಿಯಿತು. ಅಂಗಡಿ ಉಳಿಯಬೇಕಾದರೆ ಬಿಸಿ ತಿನಿಸು ಮಾರಬೇಕಿತ್ತು. ವಿಶ್ವವಿದ್ಯಾಲಯದಲ್ಲಿ ಸ್ಪ್ಯಾನಿಷ್ ಕಲಿತಿದ್ದ ಆಲಿಸ್ ಅವರು ಮೆಕ್ಸಿಕೋ ರಾಯಭಾರ ಕಚೇರಿಯ ಅಡುಗೆಯವರನ್ನು ಭೇಟಿಯಾಗಿ, ಚಿಲ್ಲಿ ಮತ್ತು ತಮಾಲೆ ಮುಂತಾದ ಖಾರದ ತಿನಿಸುಗಳನ್ನು ತಯಾರಿಸುವ ವಿಧಾನವನ್ನು ತಿಳಿದುಕೊಂಡರು. ಅಂಗಡಿಗೆ 'ಹಾಟ್ ಶಾಪ್' ಎಂಬ ಹೊಸ ಹೆಸರು ಬಂತು. 1928ರಲ್ಲಿ ಕೋಲ್ಟನ್ ತಮ್ಮ ಪಾಲನ್ನು ಮಾರಿ ಯೂಟಾಗೆ ಮರಳಿದರು. ಅದೇ ವರ್ಷ ಗ್ರಾಹಕರು ಕಾರಿನಲ್ಲೇ ಕುಳಿತು ತಿನ್ನಬಹುದಾದ ಡ್ರೈವ್-ಇನ್ ಶಾಖೆ ಆರಂಭವಾಯಿತು. 1929ರಲ್ಲಿ ಹಾಟ್ ಶಾಪ್ಸ್ ಕಂಪನಿಯಾಗಿ ನೋಂದಣಿಯಾಯಿತು. ಆ ವರ್ಷದ ಕೊನೆಗೆ ಬಂದೆರಗಿದ ಆರ್ಥಿಕ ಮಹಾಕುಸಿತದ ಕಾಲದಲ್ಲಿಯೂ ಕಡಿಮೆ ಬೆಲೆಯ, ಶುಚಿಯಾದ ಊಟಕ್ಕೆ ಗಿರಾಕಿಗಳ ಕೊರತೆಯಾಗಲಿಲ್ಲ.

1937ರಲ್ಲಿ ವಾಷಿಂಗ್ಟನ್ನಿನ ಹೂವರ್ ಫೀಲ್ಡ್ ವಿಮಾನ ನಿಲ್ದಾಣದ ಸಮೀಪದ ಶಾಖೆಯಲ್ಲಿ ಪ್ರಯಾಣಿಕರು ವಿಮಾನದಲ್ಲಿ ತಿನ್ನಲು ತಿಂಡಿ ಕಟ್ಟಿಸಿಕೊಂಡು ಹೋಗುತ್ತಿದ್ದುದು ಗಮನಕ್ಕೆ ಬಂತು. ಇದರಿಂದ ವಿಮಾನಯಾನ ಕಂಪನಿಗಳಿಗೆ ಊಟದ ಪೊಟ್ಟಣ ಒದಗಿಸುವ ಹೊಸ ವ್ಯಾಪಾರ ಹುಟ್ಟಿತು. 1953ರಲ್ಲಿ ಕಂಪನಿಯ ಷೇರುಗಳನ್ನು ತಲಾ 10.25 ಡಾಲರ್ ಬೆಲೆಗೆ ಸಾರ್ವಜನಿಕರಿಗೆ ನೀಡಲಾಯಿತು.

ಕಾರ್ಯಶೈಲಿ

ಮ್ಯಾರಿಯಟ್ ಅವರು ಕಚೇರಿಯಲ್ಲಿ ಕುಳಿತು ಆಡಳಿತ ನಡೆಸುವವರಾಗಿರಲಿಲ್ಲ. ಮುನ್ಸೂಚನೆಯಿಲ್ಲದೆ ಶಾಖೆಗಳಿಗೆ ಭೇಟಿ ನೀಡಿ ಅಡುಗೆಮನೆ, ಉಗ್ರಾಣ, ಕಸದ ತೊಟ್ಟಿ ಎಲ್ಲವನ್ನೂ ಪರೀಕ್ಷಿಸುತ್ತಿದ್ದರು. ಕಪಾಟಿನ ಮೇಲೆ ಬೆರಳಾಡಿಸಿ ಧೂಳು ನೋಡುತ್ತಿದ್ದರು. ಗ್ರಾಹಕರು ಬರೆದ ಅಭಿಪ್ರಾಯಗಳನ್ನು ತಾವೇ ಓದುತ್ತಿದ್ದರು. ಪ್ರತಿ ತಿನಿಸಿನ ಅಳತೆ ಮತ್ತು ತಯಾರಿಕೆಯ ಕ್ರಮವನ್ನು ಬರಹದಲ್ಲಿ ನಿಗದಿಪಡಿಸಿದ್ದರಿಂದ ಶಾಖೆ ಬದಲಾದರೂ ರುಚಿ ಬದಲಾಗುತ್ತಿರಲಿಲ್ಲ.

ನೌಕರರನ್ನು ಚೆನ್ನಾಗಿ ನೋಡಿಕೊಂಡರೆ ಅವರು ಗ್ರಾಹಕರನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂಬುದು ಅವರ ನಿಲುವಾಗಿತ್ತು. 1930ರ ದಶಕದಲ್ಲೇ ನೌಕರರಿಗಾಗಿ ಕಂಪನಿಯ ವೈದ್ಯರನ್ನು ನೇಮಿಸಿದರು. ಕೆಳಹಂತದಲ್ಲಿ ಸೇರಿದವರಿಗೂ ಬಡ್ತಿಯ ಅವಕಾಶವಿತ್ತು. ಆದರೆ ಈ ಸಂಬಂಧವನ್ನು ಅವರು ಕುಟುಂಬದ ಯಜಮಾನನ ದೃಷ್ಟಿಯಿಂದಲೇ ಕಾಣುತ್ತಿದ್ದರು. ನೌಕರರ ಹಿತವನ್ನು ಕಂಪನಿಯೇ ಕಾಯಬೇಕೆಂದು ನಂಬಿದ್ದ ಅವರು ಕಾರ್ಮಿಕ ಸಂಘಟನೆಗಳಿಗೆ ಒಲವು ತೋರಲಿಲ್ಲ. ಅಮೆರಿಕದ ದಕ್ಷಿಣ ಭಾಗದ ಇತರ ಉಪಾಹಾರ ಗೃಹಗಳಂತೆ ವರ್ಜೀನಿಯಾದ ಹಾಟ್ ಶಾಪ್‌ಗಳಲ್ಲಿಯೂ ವರ್ಣಭೇದ ಆಚರಣೆಯಲ್ಲಿತ್ತು. 1960ರ ಜೂನ್‌ನಲ್ಲಿ ಆರ್ಲಿಂಗ್ಟನ್ ಪ್ರದೇಶದಲ್ಲಿ ವಿದ್ಯಾರ್ಥಿಗಳು ನಡೆಸಿದ ಧರಣಿಗಳ ನಂತರ ಅದು ಕೊನೆಗೊಂಡಿತು.

ಅನಾರೋಗ್ಯ ಮತ್ತು ಧಾರ್ಮಿಕ ಜೀವನ

1935ರಲ್ಲಿ ಮ್ಯಾರಿಯಟ್ ಅವರಿಗೆ ದುಗ್ಧಗ್ರಂಥಿಗಳ ಕ್ಯಾನ್ಸರ್ ಆದ ಹಾಡ್ಜ್‌ಕಿನ್ಸ್ ರೋಗವಿದೆಯೆಂದು ವೈದ್ಯರು ಗುರುತಿಸಿದರು. ಆಗ ಅದಕ್ಕೆ ಪರಿಣಾಮಕಾರಿ ಚಿಕಿತ್ಸೆ ಇರಲಿಲ್ಲ. ಹೆಚ್ಚೆಂದರೆ ಒಂದು ವರ್ಷ ಬದುಕಬಹುದೆಂದು ವೈದ್ಯರು ಹೇಳಿದರು. ಆಗ ಅವರಿಗೆ 35 ವರ್ಷವೂ ತುಂಬಿರಲಿಲ್ಲ. ಹಿರಿಯ ಮಗ ಮೂರು ವರ್ಷದವನಾಗಿದ್ದ. ಅವರು ಚರ್ಚಿನ ಹಿರಿಯರಿಂದ ಆಶೀರ್ವಾದ ಪಡೆದರು. ಮುಂದೆ ರೋಗದ ಲಕ್ಷಣಗಳು ಇಲ್ಲವಾದವು. ಇದನ್ನು ಅವರು ದೇವರ ಅನುಗ್ರಹವೆಂದೇ ಭಾವಿಸಿದರು. ಆ ನಂತರ ಅವರು ಐವತ್ತು ವರ್ಷ ಬದುಕಿದರು.

ಆದಾಯದ ಹತ್ತನೆಯ ಒಂದು ಭಾಗವನ್ನು ಚರ್ಚಿಗೆ ಸಲ್ಲಿಸುವುದು ಮಾರ್ಮನ್ ಪಂಥದ ನಿಯಮ. ಮ್ಯಾರಿಯಟ್ ಇದನ್ನು ತಪ್ಪದೆ ಪಾಲಿಸಿದರು. ಈ ಚರ್ಚಿನಲ್ಲಿ ಸ್ಥಳೀಯ ಹೊಣೆಗಳನ್ನು ಸಂಬಳವಿಲ್ಲದ ಗೃಹಸ್ಥರೇ ನಿರ್ವಹಿಸುತ್ತಾರೆ. ಹಲವು ಸ್ಥಳೀಯ ಸಭೆಗಳನ್ನೊಳಗೊಂಡ ಆಡಳಿತ ಘಟಕವನ್ನು 'ಸ್ಟೇಕ್' ಎನ್ನುತ್ತಾರೆ. 1948ರಲ್ಲಿ ವಾಷಿಂಗ್ಟನ್ ಸ್ಟೇಕಿನ ಅಧ್ಯಕ್ಷರಾದ ಅವರು ವ್ಯಾಪಾರದ ಜೊತೆಗೆ ಹಲವು ವರ್ಷ ಈ ಸೇವೆ ಸಲ್ಲಿಸಿದರು. ಮುಂದೆ ಕಂಪನಿಯ ಹೋಟೆಲ್ ಕೊಠಡಿಗಳಲ್ಲಿ ಬೈಬಲ್ ಜೊತೆಗೆ ಮಾರ್ಮನ್ ಗ್ರಂಥವನ್ನೂ ಇರಿಸುವ ಪದ್ಧತಿ ಬಂತು.

ವಸತಿಗೃಹಗಳ ಆರಂಭ

1957ರ ಜನವರಿಯಲ್ಲಿ ವರ್ಜೀನಿಯಾದ ಆರ್ಲಿಂಗ್ಟನ್ನಿನಲ್ಲಿ, ವಾಷಿಂಗ್ಟನ್ ನಗರಕ್ಕೆ ಸೇರುವ ಸೇತುವೆಗಳ ಬಳಿ, 365 ಕೊಠಡಿಗಳ ಟ್ವಿನ್ ಬ್ರಿಡ್ಜಸ್ ಮೋಟಾರ್ ಹೋಟೆಲ್ ಪ್ರಾರಂಭವಾಯಿತು. ಇದು ಕಾರಿನಲ್ಲಿ ಬರುವ ಪ್ರವಾಸಿಗರಿಗಾಗಿ ಕಟ್ಟಿದ್ದು. ಅತಿಥಿಗಳು ಕಾರಿನಿಂದ ಇಳಿಯದೆ ಕಿಟಕಿಯೊಂದರಲ್ಲಿ ಹೆಸರು ನೋಂದಾಯಿಸಬಹುದಿತ್ತು. ಸೈಕಲ್ ಏರಿದ ನೌಕರರು ಮುಂದೆ ಸಾಗಿ ಕೊಠಡಿಯವರೆಗೆ ದಾರಿ ತೋರಿಸುತ್ತಿದ್ದರು. ಹಾಟ್ ಶಾಪ್ ಡ್ರೈವ್-ಇನ್‌ಗಳ ಅನುಭವವೇ ಇಲ್ಲಿ ಬೇರೆ ರೂಪದಲ್ಲಿ ಬಳಕೆಯಾಯಿತು.

ಹೋಟೆಲಿನ ಉಸ್ತುವಾರಿಯನ್ನು ನೌಕಾಪಡೆಯ ಸೇವೆ ಮುಗಿಸಿ 1956ರಲ್ಲಿ ಕಂಪನಿ ಸೇರಿದ್ದ ಹಿರಿಯ ಮಗ ಬಿಲ್ ಮ್ಯಾರಿಯಟ್ ವಹಿಸಿಕೊಂಡರು. ಹೋಟೆಲ್ ಕಟ್ಟಲು ದೊಡ್ಡ ಮೊತ್ತದ ಸಾಲ ಅನಿವಾರ್ಯವೆಂಬುದು ಮಗನ ವಾದ. ಗಳಿಸಿದ ಹಣದಲ್ಲೇ ಬೆಳೆಯಬೇಕೆಂಬುದು ತಂದೆಯ ನಂಬಿಕೆ. ಎಲ್ಲದರಲ್ಲೂ ಪರಿಪೂರ್ಣತೆ ಬಯಸುತ್ತಿದ್ದ ತಂದೆಯಿಂದ ಮೆಚ್ಚುಗೆಯ ಮಾತು ಅಪರೂಪವಾಗಿತ್ತೆಂದು ಬಿಲ್ ಮುಂದೆ ಹೇಳಿಕೊಂಡಿದ್ದಾರೆ. ಆದರೂ ಅಧಿಕಾರ ಕ್ರಮೇಣ ಮಗನ ಕೈಗೆ ಬಂತು. 1964ರ ಜನವರಿಯಲ್ಲಿ ಮಗನಿಗೆ ಬಡ್ತಿ ನೀಡಿದಾಗ ಮ್ಯಾರಿಯಟ್ ಅವರು ಒಂದು ಪತ್ರ ಬರೆದರು. ದೇಹಾರೋಗ್ಯ ಕಾಪಾಡಿಕೊಳ್ಳುವುದು, ಕಠಿಣ ಸಮಸ್ಯೆಗಳ ಮುಂದೆ ಪ್ರಾರ್ಥಿಸುವುದು, ನೌಕರರ ಹಿತಕ್ಕೆ ಮೊದಲ ಸ್ಥಾನ ಕೊಡುವುದು, ಅವರ ಕೆಲಸವನ್ನು ಅವರಿಗೇ ಬಿಟ್ಟುಕೊಡುವುದು ಮುಂತಾದ ಸೂಚನೆಗಳು ಅದರಲ್ಲಿದ್ದವು. ಅದೇ ವರ್ಷ ಬಿಲ್ ಕಂಪನಿಯ ಅಧ್ಯಕ್ಷರಾದರು. 1967ರಲ್ಲಿ ಕಂಪನಿಯ ಹೆಸರು ಮ್ಯಾರಿಯಟ್ ಕಾರ್ಪೊರೇಷನ್ ಎಂದಾಯಿತು. 1972ರಲ್ಲಿ ಬಿಲ್ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯಾದರು.

ಮದ್ಯ ಮುಟ್ಟದ ಕುಟುಂಬದ ಹೋಟೆಲುಗಳಲ್ಲಿ ಮದ್ಯ ಮಾರಾಟವಾಗುವುದು ಆಗಾಗ ಚರ್ಚೆಗೆ ಬಂದಿದೆ. ಎಲ್ಲ ನಂಬಿಕೆಗಳ ಅತಿಥಿಗಳಿಗೂ ಸೇವೆ ಒದಗಿಸುವ ವೃತ್ತಿಯಲ್ಲಿ ಇದು ಅನಿವಾರ್ಯವೆಂಬ ನಿಲುವನ್ನು ಕಂಪನಿ ತಳೆಯಿತು.

ಸಾರ್ವಜನಿಕ ಜೀವನ

ಮ್ಯಾರಿಯಟ್ ದಂಪತಿಗಳು ರಿಪಬ್ಲಿಕನ್ ಪಕ್ಷದ ಬೆಂಬಲಿಗರಾಗಿದ್ದರು. ರಿಚರ್ಡ್ ನಿಕ್ಸನ್ ಅವರ 1969 ಮತ್ತು 1973ರ ಪದಗ್ರಹಣ ಸಮಾರಂಭಗಳ ಸಮಿತಿಗೆ ಮ್ಯಾರಿಯಟ್ ಅಧ್ಯಕ್ಷರಾಗಿದ್ದರು. ಆಲಿಸ್ ಅವರೂ ಪಕ್ಷದಲ್ಲಿ ಸಕ್ರಿಯರಾಗಿದ್ದರು. ಮಿಚಿಗನ್ ರಾಜ್ಯಪಾಲರಾಗಿದ್ದ ಜಾರ್ಜ್ ರಾಮ್ನಿ ಇವರ ಆಪ್ತ ಸ್ನೇಹಿತರು. 2012ರ ಅಧ್ಯಕ್ಷೀಯ ಚುನಾವಣೆಯ ಅಭ್ಯರ್ಥಿ ಮಿಟ್ ರಾಮ್ನಿ ಅವರ ಪೂರ್ಣ ಹೆಸರಿನಲ್ಲಿರುವ 'ವಿಲ್ಲಾರ್ಡ್' ಮ್ಯಾರಿಯಟ್ ಅವರ ಹೆಸರಿನಿಂದ ಬಂದದ್ದು. ಯೂಟಾ ವಿಶ್ವವಿದ್ಯಾಲಯದ ಗ್ರಂಥಾಲಯ ಮತ್ತು ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಕ್ರೀಡಾಂಗಣ ಮ್ಯಾರಿಯಟ್ ಅವರ ಹೆಸರನ್ನು ಹೊತ್ತಿವೆ.

ನಿಧನ ಮತ್ತು ಪರಂಪರೆ

13 ಆಗಸ್ಟ್ 1985ರಂದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ವುಲ್ಫ್‌ಬರೋದಲ್ಲಿ ಹೃದಯಾಘಾತದಿಂದ ಮ್ಯಾರಿಯಟ್ ನಿಧನರಾದರು. ಆಗ ಕಂಪನಿಯು 143 ಹೋಟೆಲುಗಳನ್ನೂ ಸುಮಾರು 1400 ಉಪಾಹಾರ ಗೃಹಗಳನ್ನೂ ನಡೆಸುತ್ತಿತ್ತು. 1988ರಲ್ಲಿ ಅಧ್ಯಕ್ಷ ರೊನಾಲ್ಡ್ ರೇಗನ್ ಅವರು ಮರಣೋತ್ತರವಾಗಿ ಪ್ರೆಸಿಡೆನ್ಶಿಯಲ್ ಮೆಡಲ್ ಆಫ್ ಫ್ರೀಡಮ್ ಗೌರವ ಪ್ರಕಟಿಸಿದರು. ಪತ್ನಿ ಆಲಿಸ್ 2000ದಲ್ಲಿ ನಿಧನರಾದರು.

ತಂದೆಗಿದ್ದ ಸಾಲದ ಆತಂಕ ನಿರಾಧಾರವಾಗಿರಲಿಲ್ಲ. 1990ರ ಸುಮಾರಿಗೆ ಕಟ್ಟಡಗಳ ಮಾರುಕಟ್ಟೆ ಕುಸಿದಾಗ ಕಂಪನಿ ಸಾಲದ ಭಾರದಿಂದ ಸಂಕಷ್ಟಕ್ಕೀಡಾಯಿತು. 1993ರಲ್ಲಿ ಅದು ಇಬ್ಭಾಗವಾಯಿತು. ಕಟ್ಟಡಗಳ ಒಡೆತನ ಮತ್ತು ಸಾಲದ ಬಹುಪಾಲು ಹೋಸ್ಟ್ ಮ್ಯಾರಿಯಟ್‌ಗೆ ಸೇರಿದರೆ, ಹೋಟೆಲುಗಳ ನಿರ್ವಹಣೆ ಮ್ಯಾರಿಯಟ್ ಇಂಟರ್‌ನ್ಯಾಷನಲ್‌ಗೆ ಉಳಿಯಿತು. ಕಿರಿಯ ಮಗ ರಿಚರ್ಡ್ ಮೊದಲನೆಯದನ್ನೂ ಬಿಲ್ ಎರಡನೆಯದನ್ನೂ ಮುನ್ನಡೆಸಿದರು. 2016ರಲ್ಲಿ ಸ್ಟಾರ್‌ವುಡ್ ಸಂಸ್ಥೆಯನ್ನು ಸೇರಿಸಿಕೊಂಡ ಮ್ಯಾರಿಯಟ್ ಇಂಟರ್‌ನ್ಯಾಷನಲ್ ಪ್ರಪಂಚದ ಅತಿ ದೊಡ್ಡ ಹೋಟೆಲ್ ಸಂಸ್ಥೆಯೆನಿಸಿತು. 2022ರಲ್ಲಿ ಬಿಲ್ ಅವರ ಮಗ ಡೇವಿಡ್ ಮ್ಯಾರಿಯಟ್ ಆಡಳಿತ ಮಂಡಳಿಯ ಅಧ್ಯಕ್ಷರಾದರು.

ಸ್ಥಾಪಕರ ಗೌರವಾರ್ಥ 'ಜೆಡಬ್ಲ್ಯೂ ಮ್ಯಾರಿಯಟ್' ಎಂಬ ಹೆಸರಿನ ಮೊದಲ ಹೋಟೆಲ್ 1984ರಲ್ಲಿ ವಾಷಿಂಗ್ಟನ್ ನಗರದಲ್ಲಿ ಆರಂಭವಾಯಿತು. ಇದೇ ಶ್ರೇಣಿಯ ಹೋಟೆಲೊಂದು ಬೆಂಗಳೂರಿನ ವಿಠ್ಠಲ ಮಲ್ಯ ರಸ್ತೆಯಲ್ಲಿ, ಕಬ್ಬನ್ ಉದ್ಯಾನದ ಸಮೀಪದಲ್ಲಿದೆ.